ಕುಲಾವಿ

ಸೋರ್ವಾಗುರ್ ಬಂದರಿನ ದೋಣಿ ಕಚೇರಿಯಲ್ಲಿ
ಪುಟ ಬರೆಯುವವಳು ಸುನ್ವಾ ಒಬ್ಬಳೇ.
ಯಾವ ದೋಣಿ ಎಷ್ಟು ಹೊತ್ತಿಗೆ, ಗಾಳಿ ಎಷ್ಟು,
ಕೆಳಗೊಂದು ಹಸಿರು ಗುಂಡಿ, ಸೀಟು ಹಿಡಿಯಲು.

ಮೂರು ದಿನದಿಂದ ದೂರು.
ಆಚೆ ದ್ವೀಪದ ಕಟ್ಟೆಯಲ್ಲಿ ನಿಂತವರು
ಒತ್ತುತ್ತಾರೆ, ಒತ್ತುತ್ತಾರೆ,
ಕಲ್ಲು ಒತ್ತಿದ ಹಾಗೆ.
ಇವಳ ಮೇಜಿನ ಮೇಲೆ ಮಾತ್ರ ಎಲ್ಲ ಸರಿ.

ದೋಣಿಯ ಹಗ್ಗ ಎಸೆಯುವ ತ್ರೋಂದುರ್
ತನ್ನ ಫೋನನ್ನೇ ತಂದು ಮುಂದಿಟ್ಟ.
ಗಾಜಿಗೆ ಮೀನಿನ ಹುರುಪೆ ಅಂಟಿತ್ತು.
ಅದನ್ನು ಕೆರೆದು, ಒಳಗಿಣುಕಿದಳು.
ಕೆಂಪಕ್ಷರದಲ್ಲಿ ಒಂದೇ ಸಾಲು:
ನೀ ಕೇಳಿದ್ದು ಇಲ್ಲಿ ಇಲ್ಲ.

ನಿನ್ನೆಯೇ ಇಳಿದು ಫೋನಿನಲ್ಲಿ ಮಲಗಿದ್ದ ಸ್ಕ್ರಿಪ್ಟು
ಪುಟ ಅರ್ಧ ಬರುವಷ್ಟರಲ್ಲಿ ಎದ್ದು,
ಇನ್ನೂ ಹುಟ್ಟದ ಗುಂಡಿಯನ್ನು ಹೆಸರು ಹಿಡಿದು ಕರೆದು,
ಯಾರೂ ಓಗೊಡದೆ ಅಲ್ಲೇ ಬಿದ್ದಿತ್ತು.
ಆಮೇಲೆ ಗುಂಡಿ ಬಂತು.
ಹಸಿರಾಗಿ, ಗುಂಡಗೆ,
ಕಿವುಡಾಗಿ.

ಅಸಿಂಕ್ ಎಂದು ಬರೆದವಳು ತಾನೇ, ಹೋದ ಚಳಿಗಾಲ:
ಯಾರು ಮೊದಲು ಬಂದರೋ ಅವರದು ಮೊದಲು.
ಆಗ ಅದು ಉದಾರ ಅನಿಸಿತ್ತು.

ಎರಡು ಸೆಕೆಂಡು ತಡೆದು ಓಡು, ಅಂತ ಬರೆದು ನೋಡಿದಳು.
ಬಂಡೆಯ ಮರೆಯ ಸಿಗ್ನಲ್ಲಿಗೆ
ಎರಡು ಸೆಕೆಂಡು ಯಾವ ಲೆಕ್ಕ?
ತ್ರೋಂದುರ್ ನಕ್ಕ: 'ಕಣ್ಣು ಮುಚ್ಚಿ ಎಣಿಸಿ ಹಗ್ಗ ಎಸೆಯೋದಾ?
ಕಟ್ಟೆ ಕಂಡ ಮೇಲೆ ಎಸಿ.'

ಮನೆಯಲ್ಲಿ ಅತ್ತೆ ಬಿಲ್ಲಾ,
ಬೂದು ಉಣ್ಣೆ, ನಾಲ್ಕು ಕಡ್ಡಿ,
ಮುಗಿಯುತ್ತಾ ಬಂದ ಕುಲಾವಿ.
ಸುನ್ವಾಳಿಗೆ ಏಳು ತಿಂಗಳು.
'ಕೂಸಿಗಿಂತ ಮುಂಚೆ ಕುಲಾವಿಯೇ?'
'ಹೂಂ ಮತ್ತೆ. ಹುಟ್ಟಿದ ಮೇಲೆ ಯಾರಿಗೆ ಪುರುಸೊತ್ತು?
ಹೆಣೆದಿಡೋದು ಈಗ. ತೊಡಿಸೋದು ಆಗ.
ಈಗಲೇ ತೊಡಿಸ್ತೀನಿ ಅಂದ್ನಾ ನಾನು?'

ಸುನ್ವಾ ಕೋಟು ಬಿಚ್ಚದೆ ಲ್ಯಾಪ್‌ಟಾಪ್ ತೆರೆದಳು.
ಅಸಿಂಕ್ ಅಳಿಸಿದಳು.
ಡಿಫರ್, ಅಷ್ಟೇ.
ಬರುವುದು ಬೇಗ ಬರಲಿ, ಹೊಸಿಲಲ್ಲಿ ಕೂರಲಿ,
ಪುಟದ ಕೊನೆಯ ಸಾಲು ಇಳಿದ ಮೇಲೆ
ಎದ್ದು ಒಳಗೆ ಹೋಗಲಿ.
ಹೊಟ್ಟೆಯೊಳಗಿಂದ ಒಂದು ಒದೆ.
'ನಿನಗಲ್ಲ ಹೇಳಿದ್ದು,' ಅಂದಳು.

ಬೆಳಿಗ್ಗೆ ಆಚೆ ಕಟ್ಟೆಯಿಂದ ಎಂಟು ಸೀಟು ಭರ್ತಿ.
ಎಂಟೂ ಒಂದೇ ಒತ್ತಿಗೆ.
ಹತ್ತಕ್ಕೆ ಗಾಳಿ ಎದ್ದು
ದೋಣಿ ಹೊರಡಲೇ ಇಲ್ಲ.
ತ್ರೋಂದುರ್ ಹಗ್ಗ ಸುತ್ತಿಟ್ಟು ಕಾಫಿಗೆ ಹೋದ.

ಹಣ ಮರಳಿಸುವ ಗುಂಡಿಯನ್ನು
ಇನ್ನೂ ಯಾರೂ ಹೆತ್ತಿರಲಿಲ್ಲ.