ನಡುವಿನ ಹನ್ನೊಂದು

ತಬಸ್ಸುಮ್ ಬರೆಯುವುದು ಮೊದಲ ಭಂಗಿ, ಕೊನೆಯ ಭಂಗಿ.
ನಡುವಿನ ಹನ್ನೊಂದು ನನ್ನವು.
ಮೇಕೆ ಬಂಡೆಯ ಮೇಲೆ, ಮೇಕೆ ಬಂಡೆಯಾಚೆ;
ಹಾರಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ,
ಹಾರಿತು ಅಂತ ಮಾತ್ರ ಗೊತ್ತಾಗುತ್ತದೆ.
ನಾಲ್ಕು ವರ್ಷ ಇದೇ ಕೆಲಸ,
ಶಿಡ್ಲಘಟ್ಟದಲ್ಲಿ, ಹಳೇ ಹುರಿ ಮಿಷನ್ನಿನ ಮಹಡಿಯಲ್ಲಿ.
ಗೂಡು ಬೇಯುವ ವಾಸನೆ ಬಟ್ಟೆಗೆ ಹತ್ತಿ
ಬಸ್ಸಿನಲ್ಲಿ ಪಕ್ಕದವರು ಜರುಗಿ ಕೂರುತ್ತಾರೆ.

ಸಿನಿಮಾ ಮುಗಿದಿದೆ. ಎಪ್ಪತ್ತೊಂದು ನಿಮಿಷ.
ಮೂರು ಕಾಲಿನ ಮೇಕೆ, ಹೆಸರು ಮೂಗುತಿ.
ಈಗ ಅವಳನ್ನು ಊರೂರಿಗೆ ಕರೆದೊಯ್ಯಲು ಒಬ್ಬರು ಬೇಕು.
ಹಿಂದಿನವರು ಚೆನ್ನಾಗಿಯೇ ಇದ್ದರು, ಫೋನ್ ಎತ್ತುತ್ತಿದ್ದರು,
ಲೆಕ್ಕ ಮಾತ್ರ ಕೊಡುತ್ತಿರಲಿಲ್ಲ.

ಮುಂಬೈಯವರದ್ದು ನಲವತ್ತಾರು ಪುಟ.
ಗಂಗಿರೆಡ್ಡಿ ಕನ್ನಡಕ ಒರೆಸಿಕೊಂಡು ಓದಿದ:
‘ಎಲ್ಲ ಹಕ್ಕುಗಳೂ, ಎಲ್ಲ ಭಾಷೆಗಳಲ್ಲೂ,
ಮುಂದೆ ಹುಟ್ಟಲಿರುವ ಯಂತ್ರಗಳಲ್ಲೂ,
ಬ್ರಹ್ಮಾಂಡದಾದ್ಯಂತ, ಶಾಶ್ವತವಾಗಿ.’
ಮೂಗುತಿ ಶನಿಗ್ರಹದಲ್ಲೂ ಮೇಯುತ್ತಾಳಾ ಅಂತ ನಾನು ನಕ್ಕೆ.
ಯಾರೂ ನಗಲಿಲ್ಲ.
ಮುಂಗಡದ ಅಂಕಿ ಇನ್ನೂ ಪರದೆಯ ಮೇಲಿತ್ತು;
ಬ್ಯಾಂಕಿನ ಕಂತು ಕಟ್ಟುವವರಿಗೆ ಅದು ನಗುವ ಅಂಕಿಯಲ್ಲ.

ಹೈದರಾಬಾದಿನ ಹೆಂಗಸು ಒಳ್ಳೆಯವಳು.
ಪೂರ್ತಿ ನೋಡಿದ್ದಳು, ಎರಡು ಕಡೆ ಅತ್ತಳಂತೆ.
ಆಮೇಲೆ ಕೇಳಿದಳು, ನಾಲ್ಕನೇ ಕಾಲು ಹಾಕೋಕಾಗುತ್ತಾ?
ಗೊಂಬೆ ಮಾರಬೇಕಲ್ಲ, ಮೂರು ಕಾಲಿನದು ನಿಲ್ಲಲ್ಲ.
ತಬಸ್ಸುಮ್ ಮಾತಾಡಲಿಲ್ಲ, ಕಿಟಕಿಯಾಚೆ ಬೆರಳು ತೋರಿಸಿದಳು:
ಅಲ್ಲಿ ಮೂರು ಕಲ್ಲಿನ ಮೇಲೆ ಹಂಡೆ ಕುದಿಯುತ್ತಿತ್ತು.
ಫೋನಿನಲ್ಲಿ ಬೆರಳು ಕಾಣುವುದಿಲ್ಲ ಅನ್ನುವುದು
ಅವಳಿಗೆ ಆಮೇಲೆ ಹೊಳೆಯಿತು.

ಅಜ್ಜಿಯ ದನಿಯೂ ಬದಲಾಗಬೇಕಂತೆ, ಯಾರಿಗೂ ಅರ್ಥವಾಗಲ್ಲವಂತೆ.
ಅದು ಪಿಳ್ಳಮ್ಮನ ದನಿ.
ಕೆಳಗಿನ ತೊಟ್ಟಿಯ ಬಿಸಿನೀರಿಗೆ ದಿನವಿಡೀ ಕೈ ಅದ್ದುವವಳು,
ಮಾತು ಅರ್ಧ ಕನ್ನಡ, ಅರ್ಧ ತೆಲುಗು, ಬೈಗುಳಕ್ಕೆ ಉರ್ದು.
ಮೈಕಿನ ಮುಂದೆ ನಿಂತಾಗ ಬೆರಳ ಸುಕ್ಕು ನೋಡಿಕೊಂಡು
‘ಇವೂ ಕೇಳುಸ್ತವಾ?’ ಅಂದಿದ್ದಳು.
ಕೇಳಿಸುತ್ತವೆ.

ಇನ್ನು ಚಿಂತಾಮಣಿಯ ಚೌಡರೆಡ್ಡಿ.
ಒಂದು ವ್ಯಾನು, ಮಡಚುವ ಪರದೆ, ಕೆಮ್ಮುವ ಜನರೇಟರು.
ಶಾಲೆಯಿಂದ ಶಾಲೆಗೆ, ಮಗುವಿಗೆ ಹದಿನೈದು ರೂಪಾಯಿ, ಅರ್ಧ ನಮಗೆ.
‘ಇಲ್ಲದ ಮಕ್ಕಳನ್ನ ನಾನು ಕೇಳಲ್ಲ, ನೀವೂ ಕೇಳಬಾರದು.’
ಕರಾರುಪತ್ರ ಇಲ್ಲ. ಗೊಬ್ಬರದ ಕಂಪನಿಯ ಡೈರಿ,
ಅದೂ ಹೋದ ವರ್ಷದ್ದು.
ಗಂಗಿರೆಡ್ಡಿ ಲೆಕ್ಕ ಹಾಕಿದ: ಈ ದರದಲ್ಲಿ ಸಾಲ ತೀರಲು
ಬಾಗೇಪಲ್ಲಿಯಲ್ಲಿ ಇನ್ನೂ ಹತ್ತೊಂಬತ್ತು ವರ್ಷ
ಮಕ್ಕಳು ಹುಟ್ಟುತ್ತಲೇ ಇರಬೇಕು.

ಊಟಕ್ಕೆ ಎದ್ದವಳು ಗೂಡಿನ ಮಾರುಕಟ್ಟೆಗೆ ನಡೆದೆ.
ರೀಲರುಗಳು ಹಿಡಿ ಗೂಡೆತ್ತಿ ಕಿವಿಯ ಹತ್ತಿರ ಅಲುಗಿಸುತ್ತಿದ್ದರು,
ಒಳಗಿನ ಹುಳು ಹೇಳುವ ದರ ಕೇಳುವಂತೆ.
ದಿಬ್ಬೂರಹಳ್ಳಿ ಕಡೆಯ ಹೆಂಗಸೊಬ್ಬಳು ಚೀಟಿ ನೋಡಿ
ಒಪ್ಪಿಲ್ಲ ಅಂದಳು.
ಅಷ್ಟೇ. ದನಿ ಏರಿಸಲಿಲ್ಲ. ಗೂಡಿನ ಮೇಲೆ ಟವಲು ಹೊದಿಸಿ
ಎರಡನೇ ಹರಾಜಿಗೆ ಕೂತಳು.
ಕಾಯಬಹುದು. ಬಹಳ ದಿನವಲ್ಲ;
ಒಳಗಿರುವುದು ತೂತು ಕೊರೆಯಲು ಮುಹೂರ್ತ ಕೇಳುವುದಿಲ್ಲ.

ವಾಪಸು ಬಂದರೆ ತಬಸ್ಸುಮ್
ತನ್ನ ಕೈಯನ್ನೇ ಬರೆದಿಟ್ಟಿದ್ದಾಳೆ.
ಮೊದಲ ಹಾಳೆ: ಕ್ಯಾಪಿನೊಳಗೆ ಪೆನ್ನು.
ಕೊನೆಯದು: ಕಾಗದದ ಮೇಲೆ ಪೆನ್ನು.
ಯಾರ ಕಾಗದ ಅಂತ ಬರೆದಿಲ್ಲ.
ನಡುವಿನದು ಮಾಡಮ್ಮೀ ಅಂದಳು,
ನಾಳೆ ಹತ್ತೂವರೆಗೆ ಎಲ್ಲರಿಗೂ ಉತ್ತರ ಕೊಡಬೇಕು.

ಕೂತೆ. ಹೆಬ್ಬೆರಳು ಕ್ಯಾಪಿಗೆ ಸೋಕಿತು, ಕ್ಯಾಪು ಸಡಿಲಾಯಿತು,
ಐದನೆಯದರಲ್ಲಿ ಮಣಿಕಟ್ಟು ತಿರುಗಿತು.
ಏಳನೆಯದರಲ್ಲಿ ಕೈ ಗಾಳಿಯಲ್ಲಿದೆ.
ಇಲ್ಲಿಂದ ಕಾಗದಕ್ಕೂ ಇಳಿಯಬಹುದು,
ಕಿಟಕಿಯಾಚೆಗೂ ಚಾಚಬಹುದು.
ಕೆಳಗೆ ಪಿಳ್ಳಮ್ಮ ಯಾರಿಗೋ ಉರ್ದುವಿನಲ್ಲಿ ಬೈಯುತ್ತಿದ್ದಾಳೆ.
ಎಂಟನೆಯ ಹಾಳೆ ಸಿಕ್ಕಿಸಿ
ಪೆನ್ಸಿಲ್ ಚೂಪು ಮಾಡಿಕೊಳ್ಳುತ್ತಿದ್ದೇನೆ.