ಕೊರತೆ ಪಟ್ಟಿ

ಮಾರ್ಚ್ ಇಪ್ಪತ್ತಕ್ಕೆ ಲಾರಿ.
ಅಲ್ಲಿಂದ ಹಿಂದಕ್ಕೆ ಎಣಿಸುತ್ತೇನೆ.
ಹತ್ತೊಂಬತ್ತಕ್ಕೆ ಡಬ್ಬ ಕಟ್ಟುವುದು, ಹದಿನೆಂಟಕ್ಕೆ ಓಡಿಸಿ ನೋಡುವುದು,
ಹದಿನೈದರಿಂದ ಜೋಡಣೆ,
ಅದಕ್ಕೂ ಮುಂಚೆ ಮೂರು ದಿನ ತಂತಿ ಸುತ್ತು.
ಕೆಪ್ಯಾಸಿಟರಿನವರು ಅರವತ್ತು ದಿನ ಅನ್ನುತ್ತಾರೆ.
ಅಂದರೆ ಅದನ್ನು ಕೇಳಬೇಕಾದದ್ದು
ಸಂಕ್ರಾಂತಿಗೆ ಮನೆಯಲ್ಲಿ ಎಳ್ಳು ಹುರಿಯುತ್ತಿದ್ದಾಗ.
ಕೇಳಿದ್ದೆ, ಒಂದು ಕೈಯಲ್ಲಿ ಸೌಟು, ಒಂದರಲ್ಲಿ ಫೋನು.

ಸಾವಿರದ ಇನ್ನೂರು ಸೀಲಿಂಗ್ ಫ್ಯಾನು.
ಮೂರರಂತೆ ರೆಕ್ಕೆ.
ಬಾಗಲೂರು ರಸ್ತೆಯ ಪ್ರೆಸ್ಸಿನವನು ನಾಲ್ಕು ದಿನ ಅಂದರೆ
ನಾನು ಏಳು ಬರೆದುಕೊಳ್ಳುತ್ತೇನೆ.
ಬೇರಿಂಗು ಎರಡರಂತೆ, ತಿರುಪು ಆರರಂತೆ,
ಕೊಂಡಿಯ ಬೋಲ್ಟು ಕಳಚಿ ತಲೆ ಮೇಲೆ ಬೀಳದ ಹಾಗೆ
ತೂರಿಸಿ ಕಾಲು ಅಗಲಿಸುವ ಸ್ಪ್ಲಿಟ್ ಪಿನ್ನು, ಎರಡರಂತೆ.
ಪರದೆ ಇಂಗ್ಲಿಷು, ಲೈನು ತಮಿಳು,
ಸ್ಟೋರಿನ ಚೌಡಪ್ಪ ಬೈಯುವುದು ತೆಲುಗಿನಲ್ಲಿ.
ಗುಣಾಕಾರ ಮಾತ್ರ ನನಗೆ
ತಳಿಯ ಶಾಲೆಯ ಜಗಲಿಯಲ್ಲಿ ಕೂಗಿದ ಮಗ್ಗಿ,
ಹನ್ನೆರಡೆರಡ್ಲ ಇಪ್ಪತ್ನಾಲ್ಕು.

ಹದಿನಾರರ ಮಧ್ಯಾಹ್ನ ಲೈನು ನಿಂತಿತು.

ಪರದೆಯ ಲೆಕ್ಕದಲ್ಲಿ ಪಿನ್ನು ಎರಡು ಸಾವಿರದ ಆರುನೂರು.
ಬಿನ್ನಿನಲ್ಲಿದ್ದದ್ದು ಸಾವಿರದ ಒಂಬೈನೂರ ಎಂಬತ್ತೆಂಟು.
ಇನ್ನೂರ ಆರು ಫ್ಯಾನು, ಮೈಯೆಲ್ಲ ಪೂರ್ತಿ,
ಎಂಟು ಪೈಸೆಗೆ ಕಾದು ಸಾಲಾಗಿ ಮಲಗಿದವು.
ನನಗಿಂತ ಮುಂಚೆ ಈ ಕುರ್ಚಿಯಲ್ಲಿದ್ದ ವರದಯ್ಯನವರು
ಹೋಗುವ ದಿನ ಒಂದು ಬಿಸ್ಕತ್ತಿನ ಡಬ್ಬ ಕೊಟ್ಟಿದ್ದರು,
"ಇದನ್ನ ಪರದೆಗೆ ತೋರಿಸಬೇಡಮ್ಮ" ಅಂತ.
ಸುರಿದು ಎಣಿಸಿದೆ. ವಾಷರು, ಒಂದು ಹಳೆಯ ಬಸ್ ಟಿಕೀಟು,
ಪಿನ್ನು ತೊಂಬತ್ತಾರು.

ಮಿಕ್ಕದ್ದೆಲ್ಲಿ?
ಬೆಂಚಿನಿಂದ ಬೆಂಚಿಗೆ ನಡೆದೆ, ಕಳ್ಳರನ್ನು ಹುಡುಕುವವಳ ಹಾಗೆ.
ಪೆರುಮಾಯಿಯ ಚಪ್ಪಲಿಯ ಉಂಗುಷ್ಠ ಕೀಳದಂತೆ ಹಿಡಿದಿದ್ದದ್ದು ಒಂದು.
ಒಡಿಶಾದ ಹುಡುಗ ದಿಬ್ಯಲೋಚನನ ಚೀಲದ ಜಿಪ್ಪಿಗೆ ಒಂದು.
ಬುತ್ತಿಯ ಮುಚ್ಚಳಕ್ಕೆ, ಸೈಕಲ್ಲಿನ ಚೈನಿಗೆ,
ಗೋಡೆಗೆ ತೂಗಿದ ಮುನೇಶ್ವರನ ಪಟಕ್ಕೆ.
ಸೆಲ್ವಮಣಿಯ ತಲೆಯಲ್ಲಿ ಮೂರು,
ಕನಕಾಂಬರದ ತುಂಡನ್ನು ಜಾರದಂತೆ ಕಚ್ಚಿಕೊಂಡು.
ಯಾರೂ ಬಚ್ಚಿಟ್ಟಿರಲಿಲ್ಲ.
ಬೈಯಲು ಬಾಯಿ ತೆರೆದೆ, ಬಗ್ಗಿ ನೋಡಿದೆ,
ನನ್ನ ಗುರುತಿನ ಚೀಟಿಯನ್ನು ದಾರಕ್ಕೆ ಸೇರಿಸಿದ್ದೂ
ಹೋದ ದೀಪಾವಳಿಯಿಂದ
ಅದೇ.

ಸ್ಕೂಟರಿನಲ್ಲಿ ಜೂಜುವಾಡಿಗೆ ಓಡಿದೆ.
ಪಿನ್ನು ಬಾಗಿಸುವ ಮುನಿಸಿದ್ದಪ್ಪ ನಕ್ಕ,
"ಒಂದು ಕೇಜಿಯಾ? ಇಪ್ಪತ್ತೈದಕ್ಕೆ ಕಮ್ಮಿ
ನಮ್ಮ ಮಿಷನ್ನು ಕಣ್ಣೇ ಬಿಡಾಕಿಲ್ಲ ತಾಯಿ."
ನಾನು ಎದ್ದು ಹೋಗಲಿಲ್ಲ.
ಅವನ ಟೀ ಕುಡಿದೆ, ಅವನ ಮಗಳ ಮಾರ್ಕ್ಸು ಕೇಳಿದೆ,
ಕೊನೆಗೆ ಯಾರದೋ ಆರ್ಡರಿನ ಮೂಟೆ ಬಿಚ್ಚಿ
ಮೊಗೆದು ತಕ್ಕಡಿಗೆ ಹಾಕಿದ,
ಬೇಳೆ ಅಳೆದಂತೆ, ಮೇಲೊಂದು ಹಿಡಿ ಸೇರಿಸಿ.

ಲಾರಿ ಹೋಯಿತು. ಇಪ್ಪತ್ತರ ರಾತ್ರಿ ಹನ್ನೊಂದೂವರೆಗೆ,
ಅದೂ ಇಪ್ಪತ್ತೇ.

ಮರುದಿನ ಫ್ಯಾನಿನ ಸಾಮಾನು ಪಟ್ಟಿ ತೆರೆದು
ಪಿನ್ನಿನ ಎದುರು ಎರಡು ಇದ್ದದ್ದನ್ನು
ಎರಡು ಪಾಯಿಂಟ್ ಸೊನ್ನೆ ಆರು ಮಾಡಿದೆ.
ಪರದೆ ಕಾರಣ ಕೇಳಿತು,
ಖಾಲಿ ಬಿಟ್ಟರೆ ಮುಂದೆ ಹೋಗಲೊಲ್ಲದು.
ಸವಕಳಿ, ಎಂದು ಬರೆದೆ.

ಊಟದ ಗಂಟೆಗೆ ಸೆಲ್ವಮಣಿ ಬಂದು ನಿಂತಳು,
ಅಂಗೈಯಲ್ಲಿ ಮೂರು ಪಿನ್ನು, ಕೊಬ್ಬರಿ ಎಣ್ಣೆಯ ಜಿಡ್ಡು,
ಕೂದಲು ಕಿವಿಯ ಮೇಲೆ ಬಿಚ್ಚಿಕೊಂಡು.
ಒಮ್ಮೆ ಕಾಲಗಲಿಸಿದ್ದು ಫ್ಯಾನಿಗೆ ಸಲ್ಲದು ಕಣೇ,
ನೀಯೇ ವೆಚ್ಚಿಕ್ಕೋ, ಅಂದೆ.
ಅವಳು ಪಿನ್ನನ್ನು ಹಲ್ಲಲ್ಲಿ ಕಚ್ಚಿ ಹಿಡಿದು
ಎರಡೂ ಕೈಯಿಂದ ಜಡೆ ಎತ್ತಿದಳು.