ತೊಂಬತ್ತನೇ ದಿನದ ಅಳತೆ

ಮಂಡ್ಯದ ಕಾಲೇಜು, ಹಿಂಬದಿಯ ಲ್ಯಾಬು. ಕಿಟಕಿಯಾಚೆ
ಕಬ್ಬಿನ ಲಾರಿ ಗೇರು ಬದಲಿಸುವ ಸದ್ದು.
ಒಣ ಕಪಾಟಿನಿಂದ ಒಂದೊಂದಾಗಿ ತೆಗೆಯುತ್ತೇನೆ
ಗೇಣಿಗಿಂತ ತುಸು ಉದ್ದದ ಬೂದು ಪಟ್ಟಿಗಳನ್ನು.

ಸಿಮೆಂಟಿಲ್ಲ ಇವುಗಳಲ್ಲಿ.
ಬಳ್ಳಾರಿ ಕಡೆಯ ಕುಲುಮೆಯ ಕಿಟ್ಟ, ಕೈ ಸುಡುವ ಕ್ಷಾರ, ಅಷ್ಟೇ.
ಸುಣ್ಣದ ಗೂಡಿನ ಹೊಗೆಯಿಲ್ಲದೆ ಮೂರೇ ದಿನಕ್ಕೆ ಕಲ್ಲಾಗುತ್ತವೆ,
ಆಮೇಲೆ ಒಳಗೊಳಗೇ ಮುದುರುತ್ತವೆ.
ಮೂರು ಕೂದಲೆಳೆಯಷ್ಟು.
ಗೋಡೆ ಬಿರಿಯಲು ಅಷ್ಟು ಸಾಕು.

ರಿಜಿಸ್ಟರಿನಲ್ಲಿ ಮೊದಲ ದಿನದ ಅಂಕಿ ಫರ್ಹಾನಾಳದು;
ಏಳರ ಸೊಂಟಕ್ಕೊಂದು ಅಡ್ಡಗೆರೆ ಎಳೆಯುವ ಅಭ್ಯಾಸ ಅವಳಿಗೆ.
ಹೆರಿಗೆ ರಜೆಗೆ ಮುಂಚೆ
ಆರನೇ ಪಟ್ಟಿಗೆ ಹಸಿ ಸುಣ್ಣಕಲ್ಲಿನ ಪುಡಿ ಬೆರೆಸಿದವಳೂ ಅವಳೇ.
ಅಂಟದು, ಉರಿಯದು, ಸುಮ್ಮನೆ ಸಂದಿಯಲ್ಲಿ ಕೂರುತ್ತೆ,
ಕೆಲಸ ಮಾಡದ್ದಕ್ಕೆ ಯಾಕೆ ಜಾಗ?
ಎಂದಿದ್ದೆ ನಾನು.

ಅಪ್ಪನೂ ಚಿಕ್ಕಪ್ಪನೂ ಪಾಲಿನ ಮಾತಿಗೆ ತೋಳೇರಿಸಿದಾಗ
ಬಸರಾಳಿನಿಂದ ಸಾಕಮ್ಮತ್ತೆ ಬರೋಳು.
ಇಬ್ಬರ ನಡುವೆ ಚಾಪೆ ಹಾಸಿ
ಮೊರದ ತುಂಬ ಅವರೆಕಾಯಿ ಸುಲಿಯೋಳು.
ನ್ಯಾಯ ಹೇಳಲಿಲ್ಲ ಒಂದು ದಿನವೂ,
ಎದ್ದೂ ಹೋಗಲಿಲ್ಲ.
ಆ ವರ್ಷ ಒಲೆ ಎರಡಾಗಲಿಲ್ಲ.

ಗೇಜಿನ ಮುಳ್ಳು ನಡುಗಿ ನಿಲ್ಲುತ್ತದೆ.
ಬರಿ ಕಿಟ್ಟದ್ದು: ಮೂರು ಕೂದಲು, ಇನ್ನೂ ಚೂರು.
ಆರನೆಯದು: ಒಂದೂವರೆ.
ನಂಬದೆ, ಉಕ್ಕಿನ ಸರಳಿಟ್ಟು ಸೊನ್ನೆಗೆ ತಂದು
ಮತ್ತೆ ಅಳೆದೆ. ಅದೇ.

ಬರೆದ ಮೇಲೆ ನೋಡುತ್ತೇನೆ,
ನನ್ನ ಏಳಕ್ಕೂ ಅಡ್ಡಗೆರೆ ಬಿದ್ದಿದೆ.
ಫೋನು ಮಾಡಬೇಕು ಅವಳಿಗೆ.
ಈಗ ಬೇಡ, ಮಗು ಮಲಗಿರುವ ಹೊತ್ತು.